ಕೆಂಪು ಹಿಡಿ

ಫೆಬ್ರುವರಿ 9

ಅಕ್ಕನಿಗೆ,

ವರ್ಷಕ್ಕೊಂದೇ ಕಾಗದ ಬರೆಯುವ ತಮ್ಮ ಎರಡೇ ತಿಂಗಳಿಗೆ ಇನ್ನೊಂದು ಬರೆದನಲ್ಲ ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ದೋಣಿಯನ್ನು ಶೆಡ್ಡಿನಿಂದ ಹೊರಗೆ ಎಳೆಸಿದ್ದೇನೆ, ಅಷ್ಟೇ.

ಹೌದು, ಅದೇ ದೋಣಿ. ಸೋದರಮಾವ ನನ್ನ ಹೆಸರಿಗೆ ಬರೆದಿಟ್ಟ ಇಪ್ಪತ್ತೆಂಟಡಿಯ ಮೋಟಾರು ದೋಣಿ. ನಾವೆಲ್ಲ 'ಬಾತು' ಎನ್ನುತ್ತಿದ್ದೆವಲ್ಲ, ಅದು. ಮುಳುಗಿ ಮೇಲೆ ಬಂದ ದಿನದಿಂದ ಹತ್ತೊಂಬತ್ತು ವರ್ಷ ಟಾರ್ಪಾಲು ಹೊದ್ದು ಕೂತಿತ್ತು. ಅಚ್ಚುಕೂಟದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನಿಗೆ ನಿವೃತ್ತಿಯಾದ ಮೇಲೂ ತಿದ್ದಲು ಏನಾದರೂ ಬೇಕಲ್ಲ. ಒಬ್ಬ ಬಡಗಿಯನ್ನು ಗೊತ್ತುಮಾಡಿಕೊಂಡಿದ್ದೇನೆ. ಒಳ್ಳೆಯ ಕೆಲಸಗಾರ, ಮಾತು ಮಾತ್ರ ಕಡಿಮೆ. ಏನು ಕೇಳಿದರೂ "ನೋಡೋಣ" ಎನ್ನುತ್ತಾನೆ. ತಳದ ನಾಲ್ಕು ಹಲಗೆ ಕೊಳೆತಿವೆಯೇ ಎಂದರೆ "ನೋಡೋಣ", ಮಧ್ಯಾಹ್ನ ಊಟಕ್ಕೆ ಹೋಗೋಣವೇ ಎಂದರೂ "ನೋಡೋಣ".

ಬಂದರು ಕಚೇರಿಯ ಕಥೆ ಕೇಳು. ದೋಣಿಯನ್ನು ನೀರಿಗಿಳಿಸಲು ಪರವಾನಗಿ ಬೇಕು. ಪರವಾನಗಿ ಕೊಡಲು ಅದು ತೇಲುತ್ತದೆ ಎಂದು ಇನ್‌ಸ್ಪೆಕ್ಟರು ನೋಡಬೇಕು. ಇನ್‌ಸ್ಪೆಕ್ಟರು ನೆಲದ ಮೇಲಿರುವ ದೋಣಿಯನ್ನು ನೋಡಲು ಬರುವುದಿಲ್ಲ, ಏಕೆಂದರೆ ನೆಲದ ಮೇಲಿರುವುದು ಅವರ ಪುಸ್ತಕದ ಪ್ರಕಾರ ದೋಣಿಯೇ ಅಲ್ಲ. ಇಪ್ಪತ್ತಾರು ವರ್ಷದ ಹಿಂದೆ ಇದೇ ಕಚೇರಿಯ ಇದೇ ಕಿಟಕಿಯಲ್ಲಿ ಇದೇ ವಿಷಯಕ್ಕೆ ನಾನು ಜಗಳವಾಡಿದ್ದೆ. ಅವತ್ತು ಕಿಟಕಿಯ ಆಚೆ ಇದ್ದವನಿಗೆ ಮೀಸೆಯಿತ್ತು, ಇವತ್ತಿನವನಿಗೆ ಇಲ್ಲ. ಈ ಇಪ್ಪತ್ತಾರು ವರ್ಷದಲ್ಲಿ ಆದ ಸುಧಾರಣೆ ಅಷ್ಟೇ.

ಈಗ ಕೆಲಸದ ಮಾತು. ಮಾವ ಮೊದಲು ಹಾಕಿಸಿದ ವೈರಿಂಗಿನ ನಕ್ಷೆಯೊಂದಿತ್ತು. ಅದನ್ನು ಬರೆದವರು ನಿನ್ನ ಯಜಮಾನರು. ಅದೆಲ್ಲಿದೆ ಎಂದು ಅವರಿಗೆ ನೆನಪಿದ್ದರೆ ತಿಳಿಸು. ಬೇರೆ ಯಾವ ವಿಷಯವೂ ಬೇಡ, ನಕ್ಷೆ ಎಲ್ಲಿದೆ ಎಂಬುದಷ್ಟೇ ಸಾಕು.

ಮತ್ತೊಂದು ಸಣ್ಣ ಸಂಗತಿ. ಕ್ಯಾಬಿನ್ನಿಗೆ ಆರು ಕಿಟಕಿ ಎಂದು ಆರು ಗಾಜು ಕತ್ತರಿಸಿ ತರಿಸಿದೆ. ಕಿಟಕಿ ಐದೇ ಇವೆ. ಆರನೆಯದನ್ನು ಯಾರಾದರೂ ಮುಚ್ಚಿದರೇ ಎಂದು ಹಲಗೆ ತಟ್ಟಿ ನೋಡಿದೆ. ಇಲ್ಲ.

ನಿನ್ನ ತಮ್ಮ

*

ಫೆಬ್ರುವರಿ 20

ತಮ್ಮನಿಗೆ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ಓದಿ ಮುಗಿಸಿದ ಮೇಲೆ ಕೂತೆ. ಕಿಟಕಿ ಯಾವಾಗಲೂ ಐದೇ ಇದ್ದವು. ಬಲಗಡೆ ಮೂರು, ಎಡಗಡೆ ಎರಡು. ಎಡಗಡೆ ಒಲೆಯ ಕಪಾಟು ಇತ್ತಲ್ಲ! ಅಲ್ಲಿ ಕಿಟಕಿ ಇಟ್ಟಿದ್ದರೆ ನಾನು ಟೀ ಎಲ್ಲಿ ಕಾಯಿಸುತ್ತಿದ್ದೆ? ಲೋಕದವರ ತಪ್ಪನ್ನೆಲ್ಲ ತಾರೀಖಿನ ಸಮೇತ ನೆನಪಿಟ್ಟುಕೊಳ್ಳುವ ಪಂಡಿತನಿಗೆ ಸ್ವಂತ ದೋಣಿಯ ಕಿಟಕಿಯ ಲೆಕ್ಕ ತಪ್ಪಿತಲ್ಲ, ನನಗಂತೂ ಸಂತೋಷವಾಯಿತು.

ನಕ್ಷೆ ಕಾಗದದಲ್ಲಿಲ್ಲ. ಎಡಗಡೆಯ ಮಲಗುವ ಹಲಗೆಯನ್ನು ಎತ್ತಿ ಮಗುಚಿ ನೋಡಬೇಕಂತೆ, ಅದರ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದೆಯಂತೆ. ಕಾಗದ ಒದ್ದೆಯಾಗುತ್ತದೆ, ಹಲಗೆ ಕಳೆದುಹೋಗುವುದಿಲ್ಲ ಅಂದರು. ಇಷ್ಟು ಹೇಳಲು ಅವರು ಯೋಚನೆ ಕೂಡ ಮಾಡಲಿಲ್ಲ. ಹೊಲಿಗೆ ಮೆಷೀನಿನ ಹೊಟ್ಟೆಯೊಳಗಿಂದ ಕೈ ತೆಗೆಯದೆ ಹೇಳಿದರು.

"ನಿನ್ನ ಯಜಮಾನರು" ಎಂದು ಬರೆದಿದ್ದೀಯ. ಭಾವ ಎನ್ನಲು ನಿನ್ನ ಪೆನ್ನಿನಲ್ಲಿ ಇಂಕು ಸಾಲಲಿಲ್ಲವೇ? ಮಾವ ಹೋಗುವಾಗ ದೋಣಿಯ ಬಗ್ಗೆ ಓದಿದವನಿಗೆ ದೋಣಿ ಕೊಟ್ಟರು, ದೋಣಿ ರಿಪೇರಿ ಮಾಡಬಲ್ಲವರಿಗೆ ಹತಾರದ ಪೆಟ್ಟಿಗೆ ಕೊಟ್ಟರು. ಇಬ್ಬರೂ ಒಟ್ಟಿಗಿರಲಿ ಎಂಬ ಆಸೆ ಇರಬೇಕು. ಆ ಪೆಟ್ಟಿಗೆ ಈಗ ನಮ್ಮ ಮಂಚದ ಕೆಳಗಿದೆ.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವರು ಚೆನ್ನಾಗಿದ್ದಾರೆ. ಆ ಹಳೆಯ ಚಾಳಿ ಮಾತ್ರ ಬಿಟ್ಟಿಲ್ಲ. ಅಂಗಡಿಗೆ ಹೊರಟವರು ಬೀದಿಯ ತಿರುವಿನಿಂದ ವಾಪಸು ಬಂದು ನಲ್ಲಿ ನೋಡುತ್ತಾರೆ, ಮತ್ತೆ ಹೋಗಿ ಮತ್ತೆ ಬಂದು ಗ್ಯಾಸು ನೋಡುತ್ತಾರೆ. ಮೂರನೆಯ ಸಲ ಬಂದಾಗ ಏನು ನೋಡಲು ಬಂದೆ ಎಂಬುದೇ ಮರೆತಿರುತ್ತದೆ. ಎದುರು ಮನೆಯವರು ಗಡಿಯಾರ ಸರಿಮಾಡಿಕೊಳ್ಳುವುದೇ ಅವರ ಮೂರನೆಯ ಸಲದಿಂದ.

ಅಕ್ಕ

*

ಮಾರ್ಚ್ 14

ಅಕ್ಕನಿಗೆ,

ನಕ್ಷೆ ಸಿಕ್ಕಿತು. ಹಲಗೆಯ ಬೆನ್ನ ಮೇಲೆ ಪೆನ್ಸಿಲ್ಲಿನ ಗೆರೆ ನಿನ್ನೆ ಎಳೆದಂತಿದೆ. ಎಲೆಕ್ಟ್ರಿಶಿಯನ್ನು ನೋಡಿ ಇದು ಯಾರ ಕೈ ಎಂದು ಕೇಳಿದ. ಹಳೆಯ ಮೆಕ್ಯಾನಿಕ್ಕೊಬ್ಬರದು ಎಂದೆ.

ಕೊಳೆತ ಹಲಗೆ ನಾಲ್ಕಲ್ಲ, ಏಳು. ಅವನ್ನು ತೆಗೆದು ಹೊಸ ಹಲಗೆ ಹಾಕಿ, ಸಂದುಗಳಿಗೆ ಹತ್ತಿಯ ಹುರಿ ಬಡಿದು ಮೇಣ ತುಂಬಿದ್ದಾಯಿತು. ಎಂಜಿನ್ನು ಬಿಚ್ಚಿ ತೊಳೆಯಲು ಕೊಟ್ಟಿದ್ದೇನೆ. ಕ್ಯಾಬಿನ್ನಿನ ಬಣ್ಣ ಉಜ್ಜುವ ಕೆಲಸ ನನ್ನದು. ದಿನವೆಲ್ಲ ಉಪ್ಪುಕಾಗದ ಉಜ್ಜಿ ಉಜ್ಜಿ ಬೆರಳಿನ ಗುರುತೇ ಸವೆದಿದೆ. ಕ್ಯಾಬಿನ್ನು ನೀಲಿ ಇತ್ತೆಂದು ನನಗೆ ಚೆನ್ನಾಗಿ ನೆನಪು. ಉಜ್ಜಿದಂತೆಲ್ಲ ಹಸಿರೇ ಬರುತ್ತಿದೆ. ಹಸಿರಿನ ಕೆಳಗೆ ಮರ. ನೀಲಿ ಎಲ್ಲಿಯೂ ಇಲ್ಲ. ಬಡಗಿಗೆ ಹೇಳಿದೆ. ನೋಡೋಣ ಎಂದ.

ನಿನ್ನ ಕಾಗದದ ಆ ಇಂಕಿನ ಮಾತಿನಲ್ಲಿ ಒಂದು ಮುಳ್ಳಿದೆ. ನನಗೆ ಗೊತ್ತಾಗಲಿಲ್ಲ ಎಂದುಕೊಳ್ಳಬೇಡ. ಆದ್ದರಿಂದ ಒಮ್ಮೆ ನೇರವಾಗಿ ಬರೆದುಬಿಡುತ್ತೇನೆ. ಆ ಬೇಸಿಗೆಯಲ್ಲಿ ದೋಣಿ ರಿಪೇರಿ ಯಾರ್ಡಿನ ದಡದ ಮೇಲಿತ್ತು. ಎಂಜಿನ್ನನ್ನು ತಣ್ಣಗಿಡಲು ಹೊರಗಿನ ನೀರೆಳೆಯುವ ಪಂಪನ್ನು ನಿನ್ನ ಯಜಮಾನರು ರಿಪೇರಿಗೆ ಬಿಚ್ಚಿದ್ದರು. ಪಂಪಿಗೆ ಬರುವ ರಬ್ಬರ್ ಪೈಪು ಇರಲಿಲ್ಲ. ತಳದಲ್ಲಿ ನೀರು ಒಳಬರುವ ತೂತಿಗೂ ದೋಣಿಗೂ ನಡುವೆ ಇದ್ದದ್ದು ಒಂದು ವಾಲ್ವು ಮಾತ್ರ. ಯಾರ್ಡಿನವರಿಗೆ ಜಾಗ ಬೇಕಾಗಿ ದೋಣಿಯನ್ನು ಸಂಜೆ ನೀರಿಗಿಳಿಸಿದರು. ಇಳಿಸುವ ಮುಂಚೆ, ವಾಲ್ವು ಮುಚ್ಚಿದೆಯೇ ಎಂದು ಎಲ್ಲರೆದುರು ಕೇಳಿದೆ. ನಾನೇ ಮುಚ್ಚಿದೀನಿ, ಈ ಕೈಯಲ್ಲೇ ಎಂದರು. ಬೆಳಿಗ್ಗೆ ನೋಡಿದರೆ ಬಾತು ಕಿಟಕಿಯವರೆಗೆ ನೀರಿನಲ್ಲಿ ಕೂತಿತ್ತು. ಮೇಲೆತ್ತಿದಾಗ ವಾಲ್ವಿನ ಹಿಡಿ ಪೈಪಿನ ಉದ್ದಕ್ಕೇ ನಿಂತಿತ್ತು. ಉದ್ದಕ್ಕಿದ್ದರೆ ತೆರೆದಂತೆ, ಅಡ್ಡಕ್ಕಿದ್ದರೆ ಮುಚ್ಚಿದಂತೆ. ಲೋಕದ ಎಲ್ಲ ವಾಲ್ವಿಗೂ ಇದೇ ನಿಯಮ. ಹತ್ತು ಜನ ನೋಡಿದರು.

ನಾನು ಪತ್ರಿಕೆಗೆ ಬರೆದದ್ದು ಇದನ್ನೇ. ಒಂದಕ್ಷರ ಹೆಚ್ಚು ಬರೆಯಲಿಲ್ಲ, ಹೆಸರನ್ನೂ ಹಾಕಲಿಲ್ಲ. ಕತ್ತರಿಸಿಟ್ಟ ತುಣುಕು ನನ್ನ ಬಳಿ ಇನ್ನೂ ಇದೆ. "ಮುಚ್ಚಿದೆ ಎಂದು ಹೇಳುವುದಕ್ಕೂ ಮುಚ್ಚುವುದಕ್ಕೂ ವ್ಯತ್ಯಾಸ ತಿಳಿಯದ ಕೈಗಳಿಗೆ ನಾಗರಿಕರು ತಮ್ಮ ದೋಣಿಗಳನ್ನು ಒಪ್ಪಿಸಬೇಕೆ?" ಈ ವಾಕ್ಯದಲ್ಲಿ ಇವತ್ತೂ ನನಗೆ ತಪ್ಪು ಕಾಣುತ್ತಿಲ್ಲ. ಅದರ ಒಂದು ಪ್ರತಿಯನ್ನು ಜೊತೆಗಿಟ್ಟಿದ್ದೇನೆ.

ಕಪಾಟಿನ ವಿಷಯ ನೀನು ಹೇಳಿದ್ದು ಸರಿ. ಅಲ್ಲಿ ಟೀ ಪಾತ್ರೆಯ ಸುಟ್ಟ ಗುರುತಿದೆ.

ನಿನ್ನ ತಮ್ಮ

*

ಮಾರ್ಚ್ 27

ತಮ್ಮನಿಗೆ,

ಆ ತುಣುಕನ್ನು ಇನ್ನೊಮ್ಮೆ ಈ ಮನೆಗೆ ಕಳಿಸಬೇಡ. ಲಕೋಟೆ ಒಡೆದದ್ದು ಅವರು.

ಹೆಸರು ಹಾಕಲಿಲ್ಲ ಎನ್ನುತ್ತೀಯ. ಆ ಯಾರ್ಡಿನಲ್ಲಿ ಮೆಕ್ಯಾನಿಕ್ಕು ಎಂದು ಇದ್ದವರು ಒಬ್ಬರೇ. ಹೆಸರು ಹಾಕಿದ್ದರೆ ಅವರ ಹೆಸರಿನ ಇನ್ಯಾರೋ ಇರಬಹುದು ಎಂದಾದರೂ ಜನ ಅಂದುಕೊಳ್ಳುತ್ತಿದ್ದರೋ ಏನೋ. ಅಚ್ಚಾಗಿ ಬಂದ ಮೂರನೆಯ ದಿನ ಯಾರ್ಡಿನ ಯಜಮಾನ ಕರೆದು ಕೆಲಸ ಬಿಡಿಸಿದ. ಇವರು ವಾದ ಮಾಡಲಿಲ್ಲ. ನಾನು ಮುಚ್ಚಿದ ಹಾಗೇ ನೆನಪು ಎಂದು ಒಂದು ವಾರ ಹೇಳುತ್ತಿದ್ದರು. ಆಮೇಲೆ ಮುಚ್ಚಿದ್ದೆ ಅನ್ಸುತ್ತೆ ಎಂದರು. ಆಮೇಲೆ ಸುಮ್ಮನಾದರು. ಊರು ಬಿಟ್ಟು ಬಂದ ಮೇಲೆ ಹೊಲಿಗೆ ಮೆಷೀನಿನ ಕೆಲಸ ಹಿಡಿದರು. ಯಾಕೆ ಅದೇ ಎಂದು ಕೇಳಿದ್ದಕ್ಕೆ, ಮುಳುಗದ ವಸ್ತು ಇರಲಿ ಎಂದು ನಕ್ಕರು. ನಾನೂ ನಕ್ಕೆ. ನಗುವ ಮಾತಾಗಿರಲಿಲ್ಲ.

ತುಣುಕನ್ನು ಅವರು ಎರಡು ಸಲ ಓದಿದರು. ವಾಕ್ಯ ಚೆನ್ನಾಗಿದೆ ಅಂದರು. ನಿನಗೆ ತಿಳಿಸಬೇಕಂತೆ.

ಕ್ಯಾಬಿನ್ನು ಹಸಿರೇ ಇತ್ತು. ನೀಲಿ ಇದ್ದದ್ದು ಮಾವನ ಸೈಕಲ್ಲು.

ಅಕ್ಕ

*

ಏಪ್ರಿಲ್ 19

ಅಕ್ಕನಿಗೆ,

ಮೂರು ದಿನದಿಂದ ತಲೆ ಕೆಟ್ಟು ಕೂತಿದ್ದೇನೆ. ಏನು ನಡೆದಿದೆ ಎಂದು ನನಗೆ ಅರ್ಥವಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಂಜಿನ್ನು ಕೂರಿಸುವ ಮುಂಚೆ ತಳದ ವಾಲ್ವನ್ನು ಪರೀಕ್ಷೆ ಮಾಡಬೇಕೆಂದು ಬಡಗಿ ಹೇಳಿದ. ಅವನೇ ತಾನಾಗಿ ಹೇಳಿದ ಮೊದಲ ಮಾತು ಅದು. ಹಿತ್ತಾಳೆಯ ವಾಲ್ವು ಜಾಮಾಗಿತ್ತು. ಎರಡು ದಿನ ಎಣ್ಣೆ ಕುಡಿಸಿದೆವು. ಹಿಡಿ ಹತ್ತೊಂಬತ್ತು ವರ್ಷದಿಂದ ಇದ್ದಂತೆಯೇ ಪೈಪಿನ ಉದ್ದಕ್ಕಿತ್ತು, ಅಂದರೆ ತೆರೆದ ಸ್ಥಿತಿಯಲ್ಲಿ. ಅದನ್ನು ಮೆಲ್ಲಗೆ ಅಡ್ಡಕ್ಕೆ ತಿರುಗಿಸಿ ಮುಚ್ಚಿದೆ. ವಾಲ್ವಿನ ಬಾಯಿಗೆ ತುಂಡು ಪೈಪು ಸಿಕ್ಕಿಸಿ ಬಕೆಟ್ಟಿನಿಂದ ನೀರು ಹೊಯ್ದೆ. ಮುಚ್ಚಿದ ವಾಲ್ವು ನೀರನ್ನು ತಡೆಯಬೇಕು. ದೋಣಿಯ ಕೆಳಗೆ ನಿಂತಿದ್ದ ಬಡಗಿಯ ಬೂಟಿನೊಳಗೆ ಇಡೀ ಬಕೆಟ್ಟು ಇಳಿಯಿತು.

ವಾಲ್ವು ಸವೆದಿದೆ ಎಂದುಕೊಂಡೆ. ಹಿಡಿಯನ್ನು ಮತ್ತೆ ಉದ್ದಕ್ಕೆ ತಿರುಗಿಸಿ ಇನ್ನೊಂದು ಬಕೆಟ್ಟು ಹೊಯ್ದೆ. ಒಂದು ತೊಟ್ಟೂ ಇಳಿಯಲಿಲ್ಲ. ಒಂಬತ್ತು ಸಲ ಮಾಡಿದೆವು. ಅಡ್ಡಕ್ಕಿಟ್ಟರೆ ಸುರಿಯುತ್ತದೆ, ಉದ್ದಕ್ಕಿಟ್ಟರೆ ನಿಲ್ಲುತ್ತದೆ. ಹಿಡಿ ಹೇಳುವುದೊಂದು, ವಾಲ್ವು ಮಾಡುವುದೊಂದು. ಬಡಗಿ ಬೂಟು ಬಿಚ್ಚಿ ಹಿಂಡುತ್ತಾ, ಹಿಡಿ ತಿರುಗಾಮುರುಗಾ ಹಾಕವ್ರೆ ಎಂದ. ಹಿಡಿ ಕೂರುವ ಕಡ್ಡಿಯ ತುದಿ ಚೌಕವಾಗಿದೆ, ಹಿಡಿಯನ್ನು ಬಿಚ್ಚಿದರೆ ಯಾವ ದಿಕ್ಕಿಗೆ ಬೇಕಾದರೂ ಕೂರಿಸಬಹುದು.

ಯಾರು ಹಾಕಿದರು? ನಾನು ಯೋಚಿಸದೆ ಬರೆಯುವವನಲ್ಲ, ನಿನಗೆ ಗೊತ್ತು. ಶೆಡ್ಡಿನ ಬೀಗದ ಕೈ ಎರಡಿದ್ದವು. ಒಂದು ನನ್ನದು. ಇನ್ನೊಂದನ್ನು ನಿನ್ನ ಯಜಮಾನರು ಊರು ಬಿಡುವ ಹಿಂದಿನ ದಿನ ನನ್ನ ಮೇಜಿನ ಮೇಲಿಟ್ಟು ಹೋದರು. ಅಲ್ಲಿಯವರೆಗೆ ಅದು ಅವರ ಬಳಿ ಇತ್ತು. ದೋಣಿ ಮುಳುಗಿದ ಮೇಲೆ, ತಪ್ಪು ವಾಲ್ವಿನದೆಂದು ತೋರಿಸಲು ಯಾರಾದರೂ ಹಿಡಿಯನ್ನು ತಿರುಗಿಸಿ ಹಾಕಿದ್ದರೆ? ಆರೋಪ ಮಾಡುತ್ತಿಲ್ಲ. ಕೇಳುತ್ತಿದ್ದೇನೆ. ಹಾಗೆ ಮಾಡಿದವರು ಆಮೇಲೆ ಅದನ್ನು ಯಾರಿಗೂ ತೋರಿಸದೆ ಯಾಕೆ ಹೋದರು ಎಂಬುದೂ ನನಗೆ ತಿಳಿಯುತ್ತಿಲ್ಲ. ಅವರನ್ನೇ ಕೇಳಿ ಬರೆ.

ನಿನ್ನ ತಮ್ಮ

*

ಏಪ್ರಿಲ್ 26

ತಮ್ಮನಿಗೆ,

ಆರೋಪ ಮಾಡುತ್ತಿಲ್ಲ ಎಂದು ಬರೆದು ಅದರ ಹಿಂದೆ ಮುಂದೆ ಆರೋಪವನ್ನೇ ಇಟ್ಟಿದ್ದೀಯ. ಇಷ್ಟು ಓದಿದ್ದು ಇದಕ್ಕೇ ಇರಬೇಕು.

ದೋಣಿ ಮೇಲೆ ಬಂದ ದಿನದಿಂದ ಅವರು ಆ ಶೆಡ್ಡಿನ ಬಾಗಿಲು ಮುಟ್ಟಲಿಲ್ಲ. ಬೀಗದ ಕೈ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಕೆಳಗೆ ನಡೆದುಹೋಗುವಾಗಲೂ ಗೋಡೆ ಬಿಟ್ಟು ಸರಿದು ಹೋಗುತ್ತಿದ್ದರು. ನಿನ್ನ ಮೇಜಿನ ಮೇಲೆ ಅದನ್ನು ಇಟ್ಟು ಬಂದವಳು ನಾನು. ಅವತ್ತು ಬಾಗಿಲು ತೆರೆದದ್ದು ನೀನೇ. ಮರೆತಿದ್ದೀಯ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಬಾರದು ಎಂದುಕೊಂಡೆ. ಆದರೆ ಅವರು ಏನು ಬರೆದಿದ್ದಾನೆ ಎಂದು ಮೂರು ಸಲ ಕೇಳಿದರು. ಓದಿದೆ. ಬೀಗದ ಕೈಯ ಮಾತಿಗೆ ಮುಖ ಕೂಡ ಎತ್ತಲಿಲ್ಲ. ಬಕೆಟ್ಟಿನ ಭಾಗ ಬಂದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟರು. ಆಮೇಲೆ ಒಂದೇ ಮಾತು ಹೇಳಿದರು. ಅವರು ಹೇಳಿದ ಹಾಗೇ ಬರೆಯುತ್ತೇನೆ.

"ಆ ಹಿಡಿಗೆ ಬಣ್ಣ ಬಳಿದಿದ್ದು ಯಾರು ಅಂತ ಪಂಡಿತನ್ನ ಕೇಳು."

ಅಷ್ಟು ಹೇಳಿ ಎದ್ದು ಹೋಗಿ ನಲ್ಲಿ ನೋಡಿದರು. ಅವತ್ತು ರಾತ್ರಿ ಊಟಕ್ಕೆ ಕೂರುವವರೆಗೆ ಏಳು ಸಲ ನೋಡಿದರು. ಎಣಿಸಿದ್ದೇನೆ.

ಅಕ್ಕ

*

ಜೂನ್ 11

ಅಕ್ಕನಿಗೆ,

ಈ ಕಾಗದವನ್ನು ಐದು ಸಲ ಶುರುಮಾಡಿ ಹರಿದಿದ್ದೇನೆ. ಆರು ವಾರದಿಂದ ನನ್ನಿಂದ ಸುದ್ದಿ ಬರಲಿಲ್ಲ ಎಂದು ನೀನು ಏನೇನು ಅಂದುಕೊಂಡೆಯೋ. ಅದಕ್ಕಿಂತ ಕೆಟ್ಟದ್ದೇ ಇರಬೇಕು.

ಹಿಡಿಗೆ ಬಣ್ಣ ಬಳಿದವನು ನಾನು.

ನಿನ್ನ ಕಾಗದ ಬಂದ ದಿನವೇ ಟಾರ್ಚು ಹಿಡಿದು ತಳಕ್ಕಿಳಿದೆ. ಹಿಡಿ ಕೆಂಪು. ಹಿಡಿಯನ್ನು ಬಿಗಿದಿರುವ ನಟ್ಟೂ ಕೆಂಪು. ಎರಡರ ನಡುವಿನ ಸಂದಿನ ಮೇಲೆ ಬಣ್ಣ ಒಂದೇ ಪೊರೆಯಾಗಿ ಒಣಗಿದೆ. ಎಲ್ಲಿಯೂ ಬಿರುಕಿಲ್ಲ. ಆ ಬಣ್ಣ ಒಣಗಿದ ಮೇಲೆ ಯಾರೂ ಆ ನಟ್ಟನ್ನು ಬಿಚ್ಚಿಲ್ಲ. ಬಿಚ್ಚಿದ್ದರೆ ಪೊರೆ ಹರಿಯಬೇಕಿತ್ತು. ಬಡಗಿಯನ್ನು ಕರೆದು ತೋರಿಸಿದೆ. ಅವನು ನೋಡೋಣ ಎನ್ನಲಿಲ್ಲ, ಹೂಂ ಎಂದ.

ನೆನಪನ್ನು ಎಳೆದು ಎಳೆದು ತೆಗೆದೆ. ಇದು ನಿಜವಾದ ನೆನಪೋ, ಈಗ ನಾನು ಕಟ್ಟಿಕೊಳ್ಳುತ್ತಿರುವುದೋ ಗೊತ್ತಾಗುವುದಿಲ್ಲ. ಕಿಟಕಿ ಆರು, ಕ್ಯಾಬಿನ್ನು ನೀಲಿ ಎಂದವನ ನೆನಪು ಇದು. ಆದರೂ ಬರೆಯುತ್ತೇನೆ. ದೋಣಿಯ ಸುರಕ್ಷತೆಯ ಬಗ್ಗೆ ಒಂದು ಪುಸ್ತಕ ಓದಿದ್ದೆ. ತಳದ ವಾಲ್ವುಗಳ ಹಿಡಿ ಕೆಂಪಗಿರಬೇಕು, ಕತ್ತಲಲ್ಲೂ ಕಾಣಬೇಕು ಎಂದಿತ್ತು. ದೋಣಿ ದಡದಲ್ಲಿದ್ದ ಆ ವಾರ ಹಿಡಿಯನ್ನು ಬಿಚ್ಚಿ, ಬಣ್ಣ ಬಳಿದು, ಶೆಡ್ಡಿನ ತಂತಿಗೆ ಒಣಗಲು ನೇತುಹಾಕಿದೆ. ಬಿಚ್ಚಿದಾಗ ಅದು ಅಡ್ಡಕ್ಕಿತ್ತು, ವಾಲ್ವು ಮುಚ್ಚಿತ್ತು. ಮರುದಿನ ವಾಪಸು ಕೂರಿಸುವಾಗ ಉದ್ದಕ್ಕೆ ಕೂರಿಸಿದೆ. ಆ ಇಕ್ಕಟ್ಟಿನಲ್ಲಿ ಸ್ಪ್ಯಾನರ್ ಆಡಿಸಲು ಹಾಗೆ ಸುಲಭವಾಗಿತ್ತು. ಬಿಗಿದ ಮೇಲೆ ನಟ್ಟೂ ಕೆಂಪಾಗಲೆಂದು ಇನ್ನೊಂದು ಕೈ ಬಣ್ಣ ಬಳಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದೇ ಅನಿಸಲಿಲ್ಲ. ನನ್ನ ಬೆರಳಿಗಂಟಿದ ಕೆಂಪನ್ನು ಭಾವ ನೋಡಿದ್ದಿರಬೇಕು.

ಆದ್ದರಿಂದ ಅವತ್ತು ಸಂಜೆ ಹಿಡಿ ಉದ್ದಕ್ಕಿತ್ತು, ಒಳಗೆ ವಾಲ್ವು ಮುಚ್ಚಿತ್ತು. ದೋಣಿ ನೀರಿಗಿಳಿಯುವ ಮುಂಚೆ ಭಾವ ತಳಕ್ಕಿಳಿದು ನೋಡಿದರು. ಹಿಡಿ ಉದ್ದಕ್ಕಿದೆ, ತೆರೆದಿದೆ ಎಂದು ಯಾವ ಮೆಕ್ಯಾನಿಕ್ಕೂ ಅಂದುಕೊಳ್ಳುವ ಹಾಗೆಯೇ ಅಂದುಕೊಂಡರು. ತಮ್ಮ ಕೈಯಿಂದ ಅಡ್ಡಕ್ಕೆ ತಿರುಗಿಸಿದರು. ವಾಲ್ವು ತೆರೆಯಿತು. ಅವರು ಮುಟ್ಟದೆ ಬಂದಿದ್ದರೆ ದೋಣಿ ಮುಳುಗುತ್ತಲೇ ಇರಲಿಲ್ಲ. ಅವರು ಸರಿಯಾಗಿ ಮಾಡಿದ್ದರಿಂದ ಮುಳುಗಿತು.

ಹಾಗಾದರೆ ಮೇಲೆತ್ತಿದಾಗ ಹಿಡಿ ಮತ್ತೆ ಉದ್ದಕ್ಕೆ ಹೇಗೆ ಬಂತು? ಇದೊಂದು ಅರ್ಥವಾಗದೆ ಎರಡು ವಾರ ಕಳೆದೆ. ಕೊನೆಗೆ ಅವತ್ತು ನೀರಿಗಿಳಿದಿದ್ದ ಮುಳುಗುಗಾರನನ್ನು ಹುಡುಕಿಕೊಂಡು ಹೋದೆ. ಈಗ ಕಿವಿ ಮಂದ, ಬಾಗಿಲಲ್ಲಿ ಕೂತು ಬಲೆ ಹೊಲಿಯುತ್ತಾನೆ. ಅವನಿಗೆ ಎಲ್ಲ ನೆನಪಿತ್ತು. ಮೊದಲು ದೋಣಿಯ ನೀರು ಖಾಲಿಮಾಡಲು ಪಂಪು ಹಚ್ಚಿದರೆ ಅದು ಇಳಿಯಲೇ ಇಲ್ಲವಂತೆ. ಆಗ ಅವನು ಒಳಗೆ ಹೋಗಿ, ಕೆಸರಿನಲ್ಲಿ ತಡಕಾಡಿ, ಕೈಗೆ ಸಿಕ್ಕ ಹಿಡಿಯನ್ನು ತಿರುಗಿಸಿದನಂತೆ. ಆಮೇಲೆ ನೀರು ಇಳಿಯಿತಂತೆ. ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ಅವನ ಕಿವಿಯ ಹತ್ತಿರ ಕೂಗಿ ಕೇಳಿದೆ. "ಯಾರ್ ಕೇಳಿದ್ರು ಸ್ವಾಮಿ? ನೀವು ಆಗ್ಲೇ ಬರ್ಕೊಳ್ತಾ ಕೂತಿದ್ರಿ," ಎಂದ.

ಹೌದು, ಬರೆದುಕೊಳ್ಳುತ್ತಿದ್ದೆ. ಆ ತುಣುಕಿನಲ್ಲಿಯೇ ಇದೆ ನೋಡು, ಮೂರನೆಯ ಪ್ಯಾರಾ. "ತೆರೆದ ವಾಲ್ವಿನ ದೋಣಿ ಅರ್ಧ ಗಂಟೆ ನೀರಿನ ಮೇಲೆ ನಿಂತು ಎಲ್ಲರಿಗೂ ಸಾಕ್ಷಿ ಹೇಳಿತು." ತೆರೆದ ವಾಲ್ವಿನ ದೋಣಿ ಅರ್ಧ ಗಂಟೆ ತೇಲುವುದು ಹೇಗೆ? ನಾನೇ ಬರೆದೆ, ನಾನೇ ಕರಡು ನೋಡಿದೆ, ಹತ್ತೊಂಬತ್ತು ವರ್ಷ ಬೀರುವಿನಲ್ಲಿಟ್ಟು ವರ್ಷಕ್ಕೊಮ್ಮೆ ತೆಗೆದು ಓದಿದೆ. ಕಾಣಲಿಲ್ಲ.

ಈಗ ಏನು ಮಾಡಬೇಕೋ ತಿಳಿಯುತ್ತಿಲ್ಲ. ತಿದ್ದುಪಡಿ ಬರೆದಿಟ್ಟಿದ್ದೇನೆ, ಈ ಸಲ ಹೆಸರು ಹಾಕಿ, ನನ್ನದನ್ನು. ಆದರೆ ಆ ಪತ್ರಿಕೆ ನಿಂತು ಎಂಟು ವರ್ಷವಾಯಿತು, ಆ ಕಟ್ಟಡದಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಬೇರೆ ಪತ್ರಿಕೆಗೆ ಹೋದೆ. ಮೇಜಿನ ಹಿಂದೆ ಕೂತಿದ್ದ ಹುಡುಗಿ ಪೂರ್ತಿ ಓದಿ, ಪಾಪ, ಮರ್ಯಾದೆಯಿಂದಲೇ ಕೇಳಿದಳು, ಸರ್ ಇದು ಯಾವ ದೋಣಿ, ಯಾವಾಗ ಮುಳುಗಿತು ಎಂದು. ಯಾರ್ಡಿನ ಯಜಮಾನ ತೀರಿಕೊಂಡಿದ್ದಾನೆ. ನಂಬಿದವರು ಯಾರೂ ಉಳಿದಿಲ್ಲ. ಯಾರಿಗೆ ತಿದ್ದಿ ಹೇಳಲಿ?

ಪತ್ರಿಕೆ, ಯಾರ್ಡು, ಜನ ಎಲ್ಲ ಹಾಗಿರಲಿ. ನೀನು ಫೆಬ್ರುವರಿಯಲ್ಲಿ ನಗುತ್ತಾ ಬರೆದಿದ್ದೆಯಲ್ಲ, ಬೀದಿಯ ತಿರುವಿನಿಂದ ವಾಪಸು ಬಂದು ನಲ್ಲಿ ನೋಡುತ್ತಾರೆ ಎಂದು. ಅದನ್ನು ನಿನ್ನೆ ಮತ್ತೆ ಓದಿದೆ. ಆ ಚಾಳಿ ಹಳೆಯದು ಎಂದಿದ್ದೀಯ. ಎಷ್ಟು ಹಳೆಯದು ಅಕ್ಕ? ದೋಣಿ ಮುಳುಗಿದ ದಿನದಷ್ಟೇ ಇರಬೇಕು. ಆ ಮೊದಲು ಅವರು ಒಂದು ಬೋಲ್ಟು ಬಿಗಿದರೆ ತಿರುಗಿ ನೋಡಿದ್ದು ನನಗೆ ನೆನಪಿಲ್ಲ. ಈ ನೆನಪೊಂದು ಸುಳ್ಳಾಗಿದ್ದರೆ ಒಳ್ಳೆಯದಿತ್ತು.

ಹಿಡಿಯನ್ನು ಬಿಚ್ಚಿ ಸರಿಯಾಗಿ ಕೂರಿಸಬೇಕು ಎಂದುಕೊಂಡಿದ್ದೇನೆ. ಅವರಿಗೆ ನೇರವಾಗಿ ಬರೆಯುವ ಧೈರ್ಯವಿಲ್ಲ. ಇದನ್ನು ಅವರಿಗೆ ಓದಬೇಕೋ ಬೇಡವೋ ನೀನೇ ನೋಡು.

ತಮ್ಮ

*

ಜೂನ್ 20

ತಮ್ಮನಿಗೆ,

ಓದಿದೆ. ಹಿಡಿಯ ಭಾಗವನ್ನು ಇನ್ನೊಮ್ಮೆ ಓದು ಎಂದರು. ಓದಿದೆ. ಮೂರನೆಯ ಸಲ ಕಾಗದವನ್ನು ಕೈಗೆ ತೆಗೆದುಕೊಂಡು ತಾವೇ ಓದಿದರು. ಮುಳುಗುಗಾರನ ಮಾತಿಗೆ ನಕ್ಕರು. ಎದ್ದು ಹೋಗಿ ನಲ್ಲಿ ತೆರೆದರು, ಮುಚ್ಚಿದರು, ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಎರಡು ದಿನವಾಯಿತು. ಸಿಟ್ಟೋ ಸಮಾಧಾನವೋ ಮುಖ ನೋಡಿದರೆ ತಿಳಿಯುವುದಿಲ್ಲ. ಅವರಿಗೂ ತಿಳಿದಿಲ್ಲ ಎಂದು ನನಗೆ ಅನಿಸುತ್ತದೆ.

ನನಗಂತೂ ಸಿಟ್ಟು ಬಂದಿದೆ. ನಿನ್ನ ಮೇಲೆ ಎಂದು ಶುರುವಾಗುತ್ತದೆ, ಎಲ್ಲಿಗೋ ಹೋಗುತ್ತದೆ. ನಿನಗೊಂದು ವಿಷಯ ಹೇಳಬೇಕು, ಅವರಿಗೆ ಹೇಳಿಲ್ಲ. ಅವರೇ ಮರೆತರು ಎಂದು ನಾನೂ ನಂಬಿದ್ದೆ. ಒಂದು ದಿನವೂ ಬಾಯಿ ಬಿಟ್ಟು ಅನ್ನಲಿಲ್ಲ. ಆದರೆ ಅವರು ಗ್ಯಾಸು ಆರಿಸಿ ಬಂದ ಮೇಲೆ ನಾನು ಏನೋ ನೆಪ ಮಾಡಿ ಅಡುಗೆಮನೆಗೆ ಹೋಗಿ ಒಮ್ಮೆ ನೋಡಿ ಬರುತ್ತಿದ್ದೆ. ಹತ್ತೊಂಬತ್ತು ವರ್ಷ. ಅವರು ಅದನ್ನು ನೋಡಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಈಗ ಹಾಗೆ ಅನಿಸುತ್ತಿಲ್ಲ.

ನೀನು "ಭಾವ" ಎಂದು ಬರೆದದ್ದನ್ನು ಗಮನಿಸಿದೆ. ಅವರೂ ಗಮನಿಸಿದರು.

ಇದನ್ನು ಮಡಚುವಾಗ ಅವರು ಬಂದು ಒಂದು ಚೀಟಿ ಕೊಟ್ಟರು. ಇದೇ ಲಕೋಟೆಯಲ್ಲಿ ಹಾಕು ಎಂದರು. ನಾನು ಓದಿಲ್ಲ.

ಅಕ್ಕ

*

ಜೂನ್ 20

ಪಂಡಿತನಿಗೆ,

ಹಿಡಿ ಬಿಚ್ಚಬೇಡ. ನಾನು ಬರುವವರೆಗೆ ಹೇಗಿದೆಯೋ ಹಾಗೇ ಇರಲಿ.

ಪತ್ರಿಕೆಗೆ ಬರೆಯುವುದು ಬೇಡ. ಆ ಹುಡುಗಿ ಕೇಳಿದ್ದು ಸರಿ. ಬರೆದು ಮುಗಿಯುವ ವಿಷಯ ಇದಲ್ಲ. ನಿನ್ನ ಮೇಲೆ ಸಿಟ್ಟು ಇದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿಲ್ಲ. ಮೊದಲ ವರ್ಷ ಇತ್ತು. ಆಮೇಲೆ ಎಲ್ಲವನ್ನೂ ಈ ಕೈಯ ಮೇಲೆ ಹಾಕಿಬಿಟ್ಟೆ. ಮುಚ್ಚಿದ ನೆನಪು ಕೈಯಲ್ಲಿತ್ತು, ಹಿಡಿ ಎಷ್ಟು ಬಿಗಿಯಾಗಿ ತಿರುಗಿತು ಎಂಬುದೂ ನೆನಪಿತ್ತು. ಹತ್ತು ಜನ ಕಣ್ಣಾರೆ ಕಂಡದ್ದಕ್ಕಿಂತ ನನ್ನ ಕೈ ದೊಡ್ಡದೇ ಎಂದುಕೊಂಡೆ. ಸುಳ್ಳು ಹೇಳುವ ಕೈ ಎಂದು ಅದಕ್ಕೆ ಹೆಸರಿಟ್ಟೆ. ಅದನ್ನೇ ಇಟ್ಟುಕೊಂಡು ಇಷ್ಟು ವರ್ಷ ಕೆಲಸ ಮಾಡಿದೆ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಾವನ ಹತಾರದ ಪೆಟ್ಟಿಗೆ ತರುತ್ತೇನೆ, ನಿನ್ನ ಸ್ಪ್ಯಾನರುಗಳನ್ನು ನಾನು ನೋಡಿದ್ದೇನೆ. ಹಿಡಿಯನ್ನು ಉದ್ದಕ್ಕಿಟ್ಟು ನೀನು ಮೇಲೆ ಹೋಗಬೇಕು. ತಳಕ್ಕೆ ನಾನೊಬ್ಬನೇ ಇಳಿಯುತ್ತೇನೆ. ಅವತ್ತಿನ ಹಾಗೆಯೇ ಅಡ್ಡಕ್ಕೆ ತಿರುಗಿಸುತ್ತೇನೆ. ಮೇಲಿನಿಂದ ನೀನು ಅವತ್ತು ಕೇಳಿದ್ದನ್ನೇ ಕೇಳು. ನಾನು ಹೇಳಿದ್ದನ್ನೇ ಹೇಳುತ್ತೇನೆ. ಆಮೇಲೆ ಬಕೆಟ್ಟು ಹೊಯ್ಯಿ. ನೀರು ಸುರಿಯುವುದನ್ನು ನಾನು ನೋಡಬೇಕು. ನಿನ್ನ ಬಡಗಿಗೆ ಕೆಳಗೆ ನಿಲ್ಲಬೇಡ ಎಂದು ಹೇಳು.

ಆಮೇಲೆ ಆ ನಟ್ಟನ್ನು ನಾನೇ ಬಿಚ್ಚುತ್ತೇನೆ.

ಹೊರಡುವಾಗ ನಲ್ಲಿ ಮುಚ್ಚಿ, ತಿರುಗಿ ನೋಡದೆ ಬಸ್ಸು ಹತ್ತಬೇಕು ಎಂದುಕೊಂಡಿದ್ದೇನೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಬೆಳಗಿನ ಬಸ್ಸಿನಲ್ಲಿ ಇಳಿಯದಿದ್ದರೆ ಮಧ್ಯಾಹ್ನದ್ದಕ್ಕೆ ಕಾಯಿ.

ಭಾವ